ಬನ್ಸ್ ಕಳ್ಳಿ ಚಂದ್ರಮತಿ

ಚಂದ್ರಮತಿಗೆ ತಲೆ ಎಣಿಸುವ ಚಟ. ಹತ್ತೊಂಬತ್ತು ವರ್ಷದಿಂದ ದುಬೈಯ ಶಾಲಾ ಬಸ್ಸಿನಲ್ಲಿ ಆಯಾ ಆಗಿರುವವಳಿಗೆ ಆ ಚಟ ಹತ್ತದೆ ಇನ್ನೇನು ಹತ್ತೀತು? ಬಸ್ಸು ಮುಹೈಸ್ನಾದಿಂದ ಹೊರಟು ಶಾಲೆಯ ಗೇಟು ಮುಟ್ಟುವುದರೊಳಗೆ ಮೂವತ್ತೆರಡು ಮಕ್ಕಳನ್ನು ಆರು ಸಲ ಎಣಿಸುತ್ತಾಳೆ. ಎಲ್ಲರೂ ಇಳಿದ ಮೇಲೆ ಒಂದೊಂದೇ ಸೀಟಿನ ಅಡಿಗೆ ಬಗ್ಗಿ ನೋಡುತ್ತಾ ಹಿಂದಿನ ತುದಿಯವರೆಗೆ ನಡೆದು ಅಲ್ಲಿರುವ ಗುಂಡಿ ಒತ್ತಬೇಕು. ಒತ್ತದಿದ್ದರೆ ಬಸ್ಸು ಬೊಬ್ಬೆ ಹೊಡೆಯುತ್ತದೆ. ಯಾವ ಮಗುವೂ ಒಳಗೆ ನಿದ್ದೆಹೋಗಿ ಉಳಿಯಬಾರದೆಂದು ಮಾಡಿದ ಏರ್ಪಾಟು ಅದು. ಆದರೆ ಚಂದ್ರಮತಿಯ ಬಸ್ಸು ಒಂದು ದಿನವೂ ಬೊಬ್ಬೆ ಹೊಡೆದದ್ದಿಲ್ಲ.

ಈ ಚಟ ಮದುವೆ ಹಾಲ್‌ಗೂ ಅವಳ ಜೊತೆ ಬರುತ್ತಿತ್ತು, ಲಿಫ್ಟಿಗೂ ಬರುತ್ತಿತ್ತು. ಅಲ್ ಕುಸೈಸಿನ ಫ್ಲ್ಯಾಟಿನ ಲಿಫ್ಟಿನಲ್ಲಿ ಎಂಟು ಜನ ಅಂತ ಬರೆದಿದ್ದರೆ ಒಂಬತ್ತನೆಯವರನ್ನು ಅವಳು ಇಳಿಸಿಯೇ ಬಿಡುತ್ತಿದ್ದಳು. ಒಮ್ಮೆ ಹಾಗೆ ಇಳಿದವರು ಆ ಕಟ್ಟಡದ ಮಾಲೀಕರೇ ಆಗಿದ್ದರು.

ಊರಿನವರು ಸೇರುವ ಕಡೆ ಹೊಸಬರು ಯಾರಾದರೂ ಮಾತು ಬೆಳೆಸಿ, "ನೀವು ಯಾವ ಕಡೆಯವರು? ನಿಮ್ಮದು ಸರ್‌ನೇಮ್ ಎಂತ?" ಅಂತ ಮೆಲ್ಲಗೆ ಕೇಳಿದರೆ ಚಂದ್ರಮತಿಯ ಉತ್ತರ ಸಿದ್ಧವಿತ್ತು: "ನಾವಾ? ನಾವು ಬಸ್ಸಿನವರು." ಕೇಳಿದವರಿಗೆ ಅರ್ಥವಾಗುವಷ್ಟರಲ್ಲಿ ಅವಳು ಊಟದ ತಟ್ಟೆ ಹಿಡಿದು ಮುಂದೆ ಹೋಗಿರುತ್ತಿದ್ದಳು.

ಅವಳಿದ್ದದ್ದು ತಂಗಿಯ ಮಗ ಹರ್ಷಿತ್‌ನ ಮನೆಯಲ್ಲಿ. ಹರ್ಷಿತ್‌ಗೆ ರಾಸ್ ಅಲ್ ಖೋರ್‌ನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸ. ಹೆಂಡತಿ ಅಮಿತಾ ಆಸ್ಪತ್ರೆಯಲ್ಲಿ ನರ್ಸು. ಮಗಳು ನಿಖಿತಾಗೆ ಆರು ವರ್ಷ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ, ತುಳುವಿನಲ್ಲಿ ಬೈದರೆ ಮಾತ್ರ ತಕ್ಷಣ ತಿಳಿದುಕೊಳ್ಳುವ ಹುಡುಗಿ.

ಒಂದು ಶನಿವಾರ ಹರ್ಷಿತ್‌ಗೆ ಮದೀನತ್ ಜಾಯೆದ್‌ನ ಗ್ಯಾರೇಜಿಗೆ ಒಂದು ಗೇರ್‌ಬಾಕ್ಸ್ ಮುಟ್ಟಿಸಬೇಕಾಗಿ ಬಂತು. ಅಮಿತಾಗೆ ಅಂದು ಡ್ಯೂಟಿ. ಹೇಗೂ ಮೂರು ಗಂಟೆಯ ದಾರಿ, ಖಾಲಿ ಹೋಗುವುದೇಕೆಂದು ಅವನು ದೊಡ್ಡಮ್ಮನನ್ನೂ ಮಗಳನ್ನೂ ಹೊರಡಿಸಿದ. "ರೋಡ್ ಟ್ರಿಪ್!" ಅಂತ ನಿಖಿತಾ ಸೋಫಾದ ಮೇಲೆ ಕುಣಿದಳು. ಗೇರ್‌ಬಾಕ್ಸ್ ಡಿಕ್ಕಿಯಲ್ಲಿ, ನಿಖಿತಾ ಮತ್ತು ಚಂದ್ರಮತಿ ಹಿಂದಿನ ಸೀಟಿನಲ್ಲಿ, ಹರ್ಷಿತ್ ಮುಂದೆ ಒಬ್ಬನೇ.

"ಮೂರು," ಎಂದಳು ಚಂದ್ರಮತಿ, ಬೆಲ್ಟುಗಳನ್ನೆಲ್ಲ ಎಳೆದು ನೋಡಿ. "ಈಗ ಹೊರಡು."

"ಗೇರ್‌ಬಾಕ್ಸಿಗೆ ಬೆಲ್ಟ್ ಹಾಕ್ಲಿಕ್ಕೆ ಉಂಟಾ ದೊಡ್ಡಮ್ಮ?"

"ಅದು ನಿನ್ನ ಹಾಗೆ ಅಲ್ಲ. ಇಟ್ಟಲ್ಲಿ ಇರ್ತದೆ."

ಅಬುಧಾಬಿ ದಾಟಿ ತರೀಫ್‌ನಲ್ಲಿ ದಕ್ಷಿಣಕ್ಕೆ ತಿರುಗಿದ ಮೇಲೆ ದಾರಿಯ ಎರಡೂ ಕಡೆ ಬೇಲಿ, ಬೇಲಿಯಾಚೆ ಮರಳು, ಮರಳಿನಲ್ಲಿ ಅಲ್ಲೊಂದು ಇಲ್ಲೊಂದು ಒಂಟೆ. ಚಂದ್ರಮತಿ ಒಂಟೆಗಳನ್ನೂ ಎಣಿಸಿದಳು. ಇಪ್ಪತ್ತಮೂರು ಆಗುವಾಗ ನಿಖಿತಾ ಕಾಲು ಹೆಣೆದುಕೊಂಡು, "ಅಜ್ಜಿ, ಐ ನೀಡ್ ಟು ಗೋ," ಎಂದಳು.

"ಎಲ್ಲಿಗೆ ಗೋ?"

"ಬಾತ್‌ರೂಮ್! ನೌ!"

ಮದೀನತ್ ಜಾಯೆದ್ ಇನ್ನೇನು ಬಂತು ಅನ್ನುವಲ್ಲಿ ಒಂದು ಕೆಫೆಟೇರಿಯಾ ಕಂಡಿತು. ಹರ್ಷಿತ್ ಅದರ ಮುಂದೆ ಗಾಡಿ ನಿಲ್ಲಿಸಿ, ಅಭ್ಯಾಸ ಬಲದಿಂದ ಎರಡು ಸಲ ಹಾರ್ನ್ ಹೊಡೆದ. ಹಾಗೆ ಹೊಡೆದರೆ ಚಹಾ ಕಾರಿನ ಕಿಟಕಿಗೇ ಬರುವುದು ಅಲ್ಲಿಯ ಪದ್ಧತಿ. ಅಂಗಡಿಯೊಳಗೆ ಹೋಗಿ ಕೂರುವುದೇ ಅಪರೂಪ. ಚಂದ್ರಮತಿಗಂತೂ ಹೋಟೆಲಿನೊಳಗೆ ಕೂರುವುದೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೇ. ಏಕೆ ಅಂತ ಅವಳು ಯೋಚಿಸಿದವಳಲ್ಲ. ಗಾಡಿಯಲ್ಲೇ ಕುಡಿದರೆ ಹಾಯಾಗಿರುತ್ತದೆ, ಅಷ್ಟೆ.

ಆದರೆ ಅಷ್ಟರಲ್ಲಿ ನಿಖಿತಾ ಬೆಲ್ಟು ಬಿಚ್ಚಿ, ಬಾಗಿಲು ತೆಗೆದು, ಒಂದೇ ಓಟಕ್ಕೆ ಕೆಫೆಟೇರಿಯಾದೊಳಗೆ ನುಗ್ಗಿಬಿಟ್ಟಿದ್ದಳು.

"ಎರಡೇ ಉಳಿಯಿತು!" ಎಂದು ಕೂಗಿ ಚಂದ್ರಮತಿ ಅವಳ ಹಿಂದೆ ಓಡಿದಳು.

ಒಳಗೆ ಗಲ್ಲಾದ ಹಿಂದಿದ್ದ ಹೆಂಗಸು ನಗುತ್ತಾ ಬಾತ್‌ರೂಮಿನ ದಾರಿ ತೋರಿಸಿದಳು. ಅವಳ ಹೆಸರು ನಾಫಿಯಾ, ಆ ಅಂಗಡಿ ಅವಳದ್ದೂ ಅವಳ ಗಂಡನದ್ದೂ. ಚಂದ್ರಮತಿ ಬಾಗಿಲ ಹೊರಗೆ ಕಾವಲು ನಿಂತು, ಹೊತ್ತು ಕಳೆಯಲು ಗೋಡೆಯ ಮೇಲಿನ ಫೋಟೋಗಳನ್ನು ನೋಡತೊಡಗಿದಳು. ಎಲ್ಲ ಹಳೆಯ ಕಪ್ಪು ಬಿಳುಪಿನವು. ಹಂಚಿನ ಕಾರ್ಖಾನೆಯ ಚಿಮಣಿ, ದೋಣಿ, ಯಾವುದೋ ಮದುವೆ. ಕೊನೆಯದು ಒಂದು ಹೋಟೆಲಿನ ಒಳಗೆ ತೆಗೆದದ್ದು. ಬೆಂಚಿನ ಮೇಲೆ ಒತ್ತೊತ್ತಾಗಿ ಕೂತ ಜನ, ಎಲ್ಲರ ಕೈಯಲ್ಲೂ ಗಾಜಿನ ಲೋಟ. ಹಿಂದೆ ಹುಳಿ ಮೋರೆ ಮಾಡಿ ನಿಂತ ಜುಟ್ಟಿನವರೊಬ್ಬರು. ಮೇಜಿನ ನಡುವೆ, ದೇವರನ್ನು ಕೂರಿಸಿದ ಹಾಗೆ, ಒಂದು ಬತ್ತಲೆ ಮಗು. ಎರಡೂ ಕೈಯಲ್ಲಿ ಒಂದೊಂದು ಬಾಳೆಹಣ್ಣಿನ ಬನ್ಸ್. ಕೆಳಗೆ ಇಂಗ್ಲಿಷಿನಲ್ಲಿ ಅಂದದ ಅಕ್ಷರದಲ್ಲಿ ‘ಹ್ಯಾಪಿ ಬರ್ತ್‌ಡೇ, ಓಲ್ಡ್ ಮಂಗಳೂರು’ ಎಂದು ಬರೆದಿತ್ತು.

ಚಂದ್ರಮತಿ ಅಭ್ಯಾಸದಂತೆ ತಲೆ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಬಂದು ನಿಂತುಬಿಟ್ಟಳು.

ಐದನೆಯವಳು ಮಗುವಿನ ಸೊಂಟವನ್ನು ಒಂದು ಕೈಯಲ್ಲಿ ಹಿಡಿದಿದ್ದಳು. ಮೂಗಿನಲ್ಲಿ ದೊಡ್ಡ ಮೂಗುಬೊಟ್ಟು. ನಗಬೇಕೋ ಅಳಬೇಕೋ ತಿಳಿಯದ ಮುಖ. ಅದು ಚಂದ್ರಮತಿಯ ತಾಯಿ ಬಾಗಿ.

ಬಾಗಿ ತೀರಿಕೊಂಡಾಗ ಚಂದ್ರಮತಿಗೆ ಇಪ್ಪತ್ತೆರಡು. ಮನೆಯಲ್ಲಿ ಅವಳದ್ದೊಂದು ಫೋಟೋ ಇರಲಿಲ್ಲ. ತೆಗೆಸಿದ್ದರೆ ತಾನೆ ಇರುವುದು? ಈಚೀಚೆಗೆ ಕಣ್ಣು ಮುಚ್ಚಿ ಎಷ್ಟು ನೆನೆದರೂ ಮೂಗುಬೊಟ್ಟು ಮಾತ್ರ ಕಾಣುತ್ತಿತ್ತು, ಸುತ್ತಲಿನ ಮುಖ ಕಾಣುತ್ತಿರಲಿಲ್ಲ. ಈಗ ಆ ಮುಖ, ಮರಳುಗಾಡಿನ ನಡುವೆ, ಬಾತ್‌ರೂಮಿನ ಪಕ್ಕದ ಗೋಡೆಯಿಂದ ಅವಳನ್ನೇ ನೋಡುತ್ತಿತ್ತು.

"ಅಜ್ಜಿ, ಡನ್," ಎಂದು ನಿಖಿತಾ ಹೊರಬಂದಳು. ಅಜ್ಜಿ ಅಲುಗಲಿಲ್ಲ. ಹುಡುಗಿ ಸೆರಗು ಜಗ್ಗಿದಳು. "ಅಜ್ಜಿ, ಯು ಡಿಂಟ್ ಕೌಂಟ್ ಮಿ."

ಚಹಾ ಬಾರದ್ದನ್ನು ಕಂಡು ಹರ್ಷಿತ್ ಕೂಡ ಒಳಗೆ ಬಂದ. ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿ ತಸ್ಬಿ ಮಣಿ ಎಣಿಸುತ್ತಾ ಕೂತಿದ್ದ ಮುದುಕಿಯೊಬ್ಬರು ಎದ್ದು ಹತ್ತಿರ ಬಂದಿದ್ದರು. ಅವರು ನಾಫಿಯಾಳ ತಾಯಿ ಐಸಮ್ಮ, ವಿಸಿಟ್ ವೀಸಾದಲ್ಲಿ ಮಗಳ ಮನೆಗೆ ಬಂದವರು.

"ಎಂತ ನೋಡ್ತಾ ಇದ್ದೀರಿ? ಅದು ನನ್ನ ಅಣ್ಣ ತೆಗೆದದ್ದು. ಬೊಂಬಾಯಿಂದ ಕ್ಯಾಮೆರಾ ತಂದಿದ್ದ," ಎಂದರು ಐಸಮ್ಮ.

"ಇದು ಯಾವ ಊರು ಐಸಮ್ಮನವರೇ?" ಹೆಸರನ್ನು ನಾಫಿಯಾಳಿಂದ ಕೇಳಿ ತಿಳಿದು ಚಂದ್ರಮತಿ ಕೇಳಿದಳು.

"ನೆಕ್ಕರೆಪದವು. ನಿಮಗೆ ಗೊತ್ತಿರ್ಲಿಕ್ಕಿಲ್ಲ, ಸಣ್ಣ ಊರು."

"ನಾನು ಹುಟ್ಟಿದ್ದು ಅಲ್ಲಿಯೇ. ಶಾಲೆಗೆ ಸೇರುವ ಮೊದಲೇ ಊರು ಬಿಟ್ಟೆವು. ಈ ಮೂಗುಬೊಟ್ಟಿನವಳು ನನ್ನ ಅಮ್ಮ."

ಐಸಮ್ಮ ಕನ್ನಡಕ ಸರಿಮಾಡಿಕೊಂಡು ಫೋಟೋ ನೋಡಿದರು, ಚಂದ್ರಮತಿಯನ್ನು ನೋಡಿದರು, ಮತ್ತೆ ಮೇಜಿನ ಮೇಲಿದ್ದ ಬತ್ತಲೆ ಮಗುವನ್ನು ನೋಡಿದರು. ಆಮೇಲೆ ಎರಡೂ ಕೈಯಿಂದ ಕೆನ್ನೆಗೆ ಹೊಡೆದುಕೊಂಡರು.

"ಯಾ ಅಲ್ಲಾ! ನೀನು ಬಾಗಿಯ ಮಗಳಾ? ಆ ಬನ್ಸ್ ಕಳ್ಳಿ?"

ಮನೆಯಲ್ಲಿ ತಾಯಿ, ತಂಗಿ, ಆಮೇಲೆ ತಂಗಿಯ ಮಕ್ಕಳೂ ಚಂದ್ರಮತಿಯನ್ನು ರೇಗಿಸಲು ಕರೆಯುತ್ತಿದ್ದದ್ದು ಅದೇ ಹೆಸರಿನಿಂದ. ತಾನು ಸಣ್ಣವಳಿದ್ದಾಗ ತಿಂಡಿಪೋತಿಯಾಗಿದ್ದೆ, ಅದಕ್ಕೇ ಆ ಹೆಸರು ಅಂತ ಅವಳು ಅಂದುಕೊಂಡಿದ್ದಳು. ತಾಯಿ ಅದಕ್ಕಿಂತ ಹೆಚ್ಚಿಗೆ ಒಂದಕ್ಷರ ಹೇಳಿರಲಿಲ್ಲ.

"ನಾನು ಕದ್ದದ್ದಲ್ಲ," ಎಂದಳು ಚಂದ್ರಮತಿ, ಐವತ್ತೊಂಬತ್ತರ ಪ್ರಾಯದಲ್ಲಿ, ಏನು ಎಂತ ಅಂತ ತಿಳಿಯದೆಯೇ.

"ಕದ್ದದ್ದೇ! ನನ್ನ ಕಣ್ಣಾರೆ ನೋಡಿದ್ದೇನೆ. ಬನ್ನಿ ಕೂತ್ಕೊಳ್ಳಿ, ಹೇಳ್ತೇನೆ. ನಾಫಿಯಾ, ಚಹಾ ತಾ."

ಅವರು ಕೂತರು. ಮೂರು ಗಾಜಿನ ಲೋಟಗಳಲ್ಲಿ ಚಹಾ ಬಂತು, ನಿಖಿತಾಗೆ ಹಾಲು. ಗ್ಯಾರೇಜಿನವನ ಫೋನು ಬಂತು. ಹರ್ಷಿತ್, "ಹತ್ತು ನಿಮಿಷ ಭಾಯಿ, ಖಲಾಸ್, ಬಂದೇಬಿಟ್ಟೆ," ಎಂದು ಹೇಳಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ.

ಐಸಮ್ಮ ಹೇಳಿದ್ದು ಇಷ್ಟು. ಅರವತ್ತೇಳನೇ ಇಸವಿ. ಐಸಮ್ಮನಿಗೆ ಹನ್ನೆರಡು ವರ್ಷ. ಜಂಕ್ಷನ್ನಿನಲ್ಲಿ ರಾಯರ ಹೋಟೆಲು, ಅದರೆದುರು ಇವರ ಮನೆ. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾ ಹೋಟೆಲಿನ ಎಲ್ಲ ವ್ಯವಹಾರ ನೋಡಬಹುದಿತ್ತು. ರಾಯರ ಬನ್ಸಿನ ಪರಿಮಳ ಅರ್ಧ ಮೈಲಿ ಹೋಗುತ್ತಿತ್ತು. ಆದರೆ ಬಾಗಿಯ ಕಡೆಯ ಜನ ಒಳಗೆ ಕಾಲಿಡುವಂತಿರಲಿಲ್ಲ. ಹೋಟೆಲಿನ ಹಿಂದೆ, ಸೌದೆ ರಾಶಿಯ ಪಕ್ಕ ನಿಲ್ಲಬೇಕು. ಬೇಲಿಯಲ್ಲಿ ಸಿಕ್ಕಿಸಿಟ್ಟ ತೆಂಗಿನ ಗೆರಟೆಯನ್ನು ತಾವೇ ತೆಗೆದು ಹಿಡಿಯಬೇಕು, ಮೇಲಿನಿಂದ ಚಹಾ ಹೊಯ್ಯುತ್ತಾರೆ. ಕುಡಿದು ತೊಳೆದು ಮತ್ತೆ ಬೇಲಿಗೆ ಸಿಕ್ಕಿಸಬೇಕು.

"ವೈ ಔಟ್‌ಸೈಡ್?" ನಿಖಿತಾ ಹಾಲಿನ ಮೀಸೆಯೊಂದಿಗೆ ಕೇಳಿದಳು. "ಇನ್‌ಸೈಡ್ ಎಸಿ ಇರ್ಲಿಲ್ವಾ?"

"ಎಸಿ ಇರ್ಲಿಲ್ಲ ಮಗಾ. ಇವರು ಮುಟ್ಟಿದ್ರೆ ಮೈಲಿಗೆ ಆಗ್ತದೆ ಅಂತ ಲೆಕ್ಕ."

"ಬಟ್ ವಿ ಆಲ್ಸೋ ಡ್ರಿಂಕ್ ಔಟ್‌ಸೈಡ್. ಪಪ್ಪ ಹಾರ್ನ್ ಹೊಡೀತಾರೆ."

ಹರ್ಷಿತ್ ಕೆಮ್ಮಿದ. ಐಸಮ್ಮ ಹೊಟ್ಟೆ ಹಿಡಿದು ನಕ್ಕರು. "ಅದು ಸೋಮಾರಿತನ ಮಗಾ. ಅದು ಬೇರೆ, ಇದು ಬೇರೆ. ನಿನ್ನ ಪಪ್ಪನಿಗೆ ಮನಸ್ಸಾದ್ರೆ ಒಳಗೆ ಬರ್ಬಹುದು. ಅವರಿಗೆ ಮನಸ್ಸಾದ್ರೂ ಬರ್ಲಿಕ್ಕೆ ಇಲ್ಲ."

ಊರಿನ ಶಾಲೆಯಲ್ಲಿ ವಿಲ್ಫ್ರೆಡ್ ಮಾಸ್ಟ್ರು ಅಂತ ಒಬ್ಬರಿದ್ದರು. ಹೋಟೆಲಿನೊಳಗೆ ಯಾರನ್ನೂ ತಡೆಯುವಂತಿಲ್ಲ, ತಡೆದರೆ ಅಪರಾಧ ಅಂತ ಐವತ್ತೈದರಲ್ಲೇ ಕಾಯ್ದೆ ಆಗಿದೆ ಎಂದು ಅವರು ಎಲ್ಲರಿಗೂ ಓದಿ ಹೇಳುತ್ತಿದ್ದರು. ಕೇಳಿದವರೆಲ್ಲ ಹೌದೆನ್ನುತ್ತಿದ್ದರು, ಮತ್ತೆ ಹೋಗಿ ಸೌದೆ ರಾಶಿಯ ಪಕ್ಕ ನಿಲ್ಲುತ್ತಿದ್ದರು. ಕೊನೆಗೆ ಮಾಸ್ಟ್ರು ಒಂದು ದೊಡ್ಡ ಕಾರ್ಯಕ್ರಮ ಹಾಕಿಕೊಂಡರು. ಮುಂದಿನ ತಿಂಗಳ ಹದಿನೈದಕ್ಕೆ ಮೆರವಣಿಗೆ, ಭಾಷಣ, ಆಮೇಲೆ ಸಾಮೂಹಿಕ ಹೋಟೆಲ್ ಪ್ರವೇಶ. ಕರಪತ್ರ ಅಚ್ಚಾಗಿ ಬಂದಿತ್ತು. ಹಾರಕ್ಕೂ ಹೇಳಿಯಾಗಿತ್ತು.

"ಎಲ್ಲ ಹಾಳು ಮಾಡಿದ್ದು ಇವಳು!" ಐಸಮ್ಮ ಚಂದ್ರಮತಿಯತ್ತ ಬೆರಳು ತೋರಿಸಿದರು. "ಒಂದು ಬೆಳಿಗ್ಗೆ ಬಾಗಿ ಹಿಂದೆ ನಿಂತು ಗೆರಟೆ ಹಿಡಿದಿದ್ದಾಳೆ. ಎರಡು ವರ್ಷದ ನೀನು ಸೆರಗು ಬಿಟ್ಟು, ಅಡಿಗೆ ಕೋಣೆಯಿಂದ ನುಗ್ಗಿ, ಸೀದಾ ಹೋಟೆಲಿನ ನಡುವಿಗೆ. ಬಟ್ಟೆ ಇಲ್ಲ, ಬರೆ ಇಲ್ಲ. ಕೆಳಗಿನ ಹಲಗೆಯಲ್ಲಿ ಬನ್ಸಿನ ತಟ್ಟೆ. ಎರಡೂ ಕೈ ಹಾಕಿದೆ. ರಾಯರು ‘ಹೇಯ್ ಹೇಯ್’ ಅಂತ ಬೊಬ್ಬೆ. ಮುಟ್ಟಿ ಎಳೆಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ! ಸಟ್ಟುಗ ಹಿಡ್ಕೊಂಡು ನಿನ್ನ ಸುತ್ತ ಕುಣಿದರು."

ಬಾಗಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳಂತೆ. ಆಮೇಲೆ ಒಳಗೆ ಕಾಲಿಟ್ಟು ಮಗುವನ್ನು ಎತ್ತಿಕೊಂಡಳು. ರಾಯರು ತಟ್ಟೆ ತೋರಿಸಿ, "ಎಲ್ಲ ಹೋಯಿತು! ಇನ್ನು ಈ ಬನ್ಸನ್ನು ಯಾರು ತಿಂತಾರೆ?" ಎಂದು ಕೂಗಿದರು.

"ಬಾಗಿ ಎಂತ ಹೇಳಿದ್ಲು ಗೊತ್ತುಂಟಾ? ಮೆಲ್ಲಗೆ ಹೇಳಿದ್ಲು, ‘ನಾವು ತಿಂತೇವೆ ರಾಯರೇ. ಒಂದು ತಟ್ಟೆಗೆ ಎಷ್ಟು ಅಂತ ಹೇಳಿ’ ಅಂತ. ಹೇಳಿ ಬೆಂಚಿನಲ್ಲಿ ಕೂತ್ಲು. ಒಳಗೆ ಪೇಪರು ಓದ್ತಾ ಇದ್ದ ವಿಲ್ಫ್ರೆಡ್ ಮಾಸ್ಟ್ರು ಸರಿದು ಜಾಗ ಕೊಟ್ರು. ಅವರ ಮೋರೆ ನೋಡ್ಬೇಕಿತ್ತು! ಇನ್ನೂ ಮೂರು ವಾರ ಉಂಟಲ್ಲ ಅಂತ ಅವರಿಗೆ. ಅಷ್ಟಾಗುವಾಗ ಹಿಂದೆ ನಿಂತವರೆಲ್ಲ ಒಬ್ಬೊಬ್ರೇ ಒಳಗೆ ಬಂದ್ರು. ನನ್ನ ಅಣ್ಣ ಕ್ಯಾಮೆರಾ ತೆಕ್ಕೊಂಡು ಓಡಿದ. ರಾಯರು ಮಾಸ್ಟ್ರನ್ನು ನೋಡಿದ್ರು, ಕ್ಯಾಮೆರಾ ನೋಡಿದ್ರು, ಲೋಟ ತೊಳೆದು ಇಟ್ರು."

ನಾಫಿಯಾ ಗಲ್ಲಾ ಬಿಟ್ಟು ಬಂದು ನಿಂತಿದ್ದಳು. "ಉಮ್ಮ, ನೀವು ನನಗೆ ಹೇಳಲೇ ಇಲ್ಲ. ನಾನು ಬರ್ತ್‌ಡೇ ಪಾರ್ಟಿ ಅಂತ ತಿಳ್ಕೊಂಡಿದ್ದೆ," ಎಂದಳು.

"ನೀನು ಕೇಳಿದ್ಯಾ?"

"ಆಮೇಲೆ ಎಂತ ಆಯಿತು?" ಚಂದ್ರಮತಿ ಕೇಳಿದಳು.

ಆಮೇಲೆ ಅಷ್ಟು ಸುಲಭವಾಗಲಿಲ್ಲ. ಎಂಟು ದಿನ ರಾಯರ ಹೋಟೆಲಿಗೆ ಪೇಟೆಯ ದೊಡ್ಡವರು ಯಾರೂ ಬರಲಿಲ್ಲ. ಒಂಬತ್ತನೆಯ ದಿನ ಬನ್ಸಿನ ಪರಿಮಳ ತಡೆಯಲಾರದೆ ಇಬ್ಬರು ಬಂದರು, ಹದಿನೈದನೆಯ ದಿನ ಎಲ್ಲರೂ ಬಂದರು. ಬೇಲಿಯ ಗೆರಟೆಗಳು ಒಲೆಗೆ ಹೋದವು. ಆದರೆ ಬಾಗಿಯನ್ನು ಆ ವರ್ಷ ನಾಟಿಗೆ ಯಾರೂ ಕರೆಯಲಿಲ್ಲ. ಗದ್ದೆಯವರೆಲ್ಲ ಮಾತಾಡಿಕೊಂಡಿದ್ದರು. ಐಸಮ್ಮನ ತಾಯಿ ಅವಳನ್ನು ಕರೆದು ಜಗಲಿಯಲ್ಲಿ ಕೂರಿಸಿ ಬೀಡಿ ಕಟ್ಟಲು ಕಲಿಸಿದರು. ಮುಂದೆ ಬಾಗಿ ಬದುಕಿದ್ದೆಲ್ಲ ಬೀಡಿ ಕಟ್ಟಿಯೇ. ಅದು ಚಂದ್ರಮತಿಗೆ ಗೊತ್ತಿತ್ತು. ತಾಯಿಯ ಮಡಿಲಲ್ಲಿದ್ದ ಮೊರ, ತಂಬಾಕಿನ ವಾಸನೆ, ಎಲೆ ಕತ್ತರಿಸುವ ಕತ್ತರಿಯ ಸದ್ದು ಎಲ್ಲ ಗೊತ್ತಿತ್ತು. ಗದ್ದೆ ಬಿಟ್ಟು ಬೀಡಿಗೆ ಬಂದದ್ದು ಯಾಕೆ ಅನ್ನುವುದೊಂದು ಗೊತ್ತಿರಲಿಲ್ಲ.

"ನನ್ನಿಂದಾಗಿ," ಎಂದಳು ಅವಳು ಸಣ್ಣ ಸ್ವರದಲ್ಲಿ. "ಅಮ್ಮನ ಕೆಲಸ ಹೋದದ್ದು ನನ್ನಿಂದಾಗಿ. ಅದಕ್ಕೇ ಹೇಳಲಿಲ್ಲವೇನೋ."

"ಅಯ್ಯೋ ಮರ್ಲ್!" ಐಸಮ್ಮ ಅವಳ ಕೈ ಹಿಡಿದುಕೊಂಡರು. "ನಿನಗೆ ಹುಚ್ಚಾ? ಅವಳಿಗೆ ಬೇಸರ ಇದ್ದಿದ್ರೆ ಬನ್ಸ್ ಕಳ್ಳಿ ಅಂತ ಎಲ್ಲರ ಎದುರು ನಗ್ತಾ ಕರೀತಿದ್ಲಾ? ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋಗುವಾಗ ದಿನಾ ನಿನ್ನನ್ನು ಎತ್ತಿಕೊಂಡು ಆ ಹೋಟೆಲಿನ ಮುಂದೆಯೇ ಹೋಗ್ತಿದ್ಲು. ಹಿಂದಿನ ದಾರಿ ಹತ್ತಿರ ಇತ್ತು, ಆದ್ರೂ ಮುಂದಿನಿಂದಲೇ."

ಚಂದ್ರಮತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಹರ್ಷಿತ್ ಲೋಟವನ್ನೇ ನೋಡುತ್ತಿದ್ದ.

"ನನಗೆ ಇದೆಲ್ಲ ಯಾರೂ ಹೇಳಿಲ್ಲ ದೊಡ್ಡಮ್ಮ," ಎಂದ.

"ನನಗೆ ಯಾರು ಹೇಳಿದ್ದು ಮಾರಾಯ? ಈಗ ಕೇಳಿದೆಯಲ್ಲ." ಎದ್ದು ನಿಂತಳು. ಅಳು ಬಂದಷ್ಟೇ ಬೇಗ ಹೋಗಿತ್ತು. "ನಾಫಿಯಾ, ಒಂದು ಪೆನ್ನು ಕಾಗದ ಕೊಡಮ್ಮ. ಆ ಹ್ಯಾಪಿ ಬರ್ತ್‌ಡೇ ತೆಗೆ ಮೊದಲು. ಇಷ್ಟು ಜನ ಕೂತಿದ್ದಾರೆ, ಒಬ್ಬರ ಹೆಸರಾದರೂ ಬರೆಯುವುದು ಬೇಡವಾ?"

ನಾಫಿಯಾ ಫೋಟೋವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟಳು. ಚಂದ್ರಮತಿ ಎಡತುದಿಯಿಂದ ಹಾಜರಿ ಹಾಕತೊಡಗಿದಳು. ಒಟ್ಟು ತಲೆ ಹದಿಮೂರು, ರಾಯರೂ ಸೇರಿ. ಐಸಮ್ಮನಿಗೆ ಹಲವರು ಮುಖ ನೋಡಿದ ಕೂಡಲೇ ಗೊತ್ತಾದರು. ಕೆಲವರನ್ನು ಇಬ್ಬರೂ ಸೇರಿ ಹುಡುಕಿದರು. "ಇವನ ಕಿವಿ ನೋಡು, ಸಂಕಪ್ಪನ ಅಪ್ಪನೇ ಅಲ್ವಾ?" "ಅಲ್ಲ, ಅವನಿಗೆ ಎಡಗೈ ಸೊಟ್ಟ ಇತ್ತು." "ಈ ಫೋಟೋದಲ್ಲಿ ಎಡಗೈ ಕಾಣುವುದಿಲ್ಲವಲ್ಲ!" ಹರ್ಷಿತ್ ಬರೆದುಕೊಂಡ. ರಾಯರ ಹೆಸರನ್ನೂ ಬರೆಯಬೇಕೋ ಬೇಡವೋ ಎಂದು ಸ್ವಲ್ಪ ಚರ್ಚೆಯಾಯಿತು. "ಬರೆ," ಎಂದಳು ಚಂದ್ರಮತಿ. "ಲೋಟ ತೊಳೆದು ಇಟ್ಟವರು ಅವರಲ್ವಾ. ಮೋರೆ ಹೇಗೂ ಕಾಣ್ತದೆ."

"ಮಗುವಿನ ಹೆಸರಿಗೆ ಎಂತ ಬರೀಲಿ?" ಹರ್ಷಿತ್ ನಗು ತಡೆದು ಕೇಳಿದ. "ಬನ್ಸ್ ಕಳ್ಳಿ?"

"ಚಂದ್ರಮತಿ, ಬಾಗಿಯ ಮಗಳು ಅಂತ ಬರೆ. ಕದ್ದ ವಿಷಯ ಇನ್ನೂ ತೀರ್ಮಾನ ಆಗಿಲ್ಲ."

ನಿಖಿತಾ ಫೋಟೋದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. "ಅಜ್ಜಿ, ಯು ವರ್ ನೋಟಿ," ಎಂದಳು, ಹೊಸ ಗೌರವದಿಂದ. ಆಮೇಲೆ, "ನೋ ಚಡ್ಡಿ ಆಲ್ಸೋ," ಎಂದು ಸೇರಿಸಿದಳು.

ಹನ್ನೆರಡು ಹೆಸರು ಸಿಕ್ಕವು. ಬಲತುದಿಯಲ್ಲಿ ತಲೆಗೆ ಮುಂಡಾಸು ಸುತ್ತಿ, ಬಾಯಿ ತುಂಬ ಬನ್ಸ್ ತುರುಕಿಕೊಂಡು ಕ್ಯಾಮೆರಾಗೆ ನಗುತ್ತಿದ್ದ ಒಬ್ಬ ಮಾತ್ರ ಯಾರೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಗ್ಯಾರೇಜಿನವನ ಏಳನೇ ಫೋನು ಬಂದಿತ್ತು. ಹರ್ಷಿತ್ ಫೋಟೋದ ಫೋಟೋ ತೆಗೆದುಕೊಂಡು, "ಯಲ್ಲಾ ದೊಡ್ಡಮ್ಮ," ಎಂದು ಹೊರಡಿಸಿದ. ಐಸಮ್ಮ ಚಂದ್ರಮತಿಯ ಕೈಯನ್ನು ಬಾಗಿಲವರೆಗೂ ಬಿಡದೆ ಹಿಡಿದು ನಡೆದು, ಫೋನ್ ನಂಬರು ತೆಗೆದುಕೊಂಡರು.

ಗಾಡಿ ಹತ್ತಿ ಕೂತ ಮೇಲೆ ಹರ್ಷಿತ್ ಆ ಫೋಟೋವನ್ನು ಸುರತ್ಕಲ್‌ನಲ್ಲಿದ್ದ ತನ್ನ ತಾಯಿಗೆ ಕಳಿಸಿದ್ದೇ ತಡ, ಚಂದ್ರಮತಿಯ ಫೋನು ಬಡಿದುಕೊಂಡಿತು. ತಂಗಿಯದ್ದು. ಅವಳು ಹುಟ್ಟಿದ್ದು ಇದೆಲ್ಲ ಮುಗಿದ ಮೇಲೆ. "ಅಕ್ಕ, ಅಮ್ಮನ ನೆತ್ತಿಯಲ್ಲಿ ಅಷ್ಟು ಕಪ್ಪು ಕೂದಲು ಇತ್ತಾ?" ಎಂದಷ್ಟೇ ಕೇಳಿದಳು. "ಇತ್ತು," ಎಂದಳು ಚಂದ್ರಮತಿ. ಅವಳಿಗೂ ಈಗಷ್ಟೇ ತಿಳಿದದ್ದು.

ಭಾನುವಾರ ನಾಫಿಯಾ ಹೊಸ ಚೌಕಟ್ಟು ಹಾಕಿದ ಫೋಟೋದ ಚಿತ್ರ ಕಳಿಸಿದಳು. ಅದು ಬಾತ್‌ರೂಮಿನ ಪಕ್ಕದಿಂದ ಗಲ್ಲಾದ ಮೇಲಕ್ಕೆ ಬಡ್ತಿ ಪಡೆದಿತ್ತು. ಕೆಳಗೆ ಹನ್ನೆರಡು ಹೆಸರು ಕನ್ನಡದಲ್ಲಿ, ಕೊನೆಯಲ್ಲಿ ಒಂದು ಖಾಲಿ ಗೆರೆ. ಆ ಖಾಲಿ ಗೆರೆ ಚಂದ್ರಮತಿಯ ನಿದ್ದೆ ಕೆಡಿಸಿತು. ಅವಳು ಊರಿಗೆ ಫೋನು ಮಾಡಿದಳು, ಸಂಕಪ್ಪನ ಮಗನಿಗೆ ಮಾಡಿದಳು, ವಿಲ್ಫ್ರೆಡ್ ಮಾಸ್ಟ್ರ ಮೊಮ್ಮಗಳನ್ನು ಹುಡುಕಿ ಅವಳಿಗೂ ಮಾಡಿದಳು. ಮೊಮ್ಮಗಳ ಬಳಿ ಹದಿನೈದನೇ ತಾರೀಖಿನ ಕರಪತ್ರ ಇನ್ನೂ ಒಂದು ಕಟ್ಟು ಇತ್ತಂತೆ. ಮನೆಯಲ್ಲಿ ವರ್ಷಗಟ್ಟಲೆ ಅದರ ಹಿಂಬದಿಯಲ್ಲೇ ಸಾಮಾನಿನ ಪಟ್ಟಿ ಬರೆಯುತ್ತಿದ್ದರಂತೆ. ಆದರೆ ಮುಂಡಾಸಿನವನು ಅವಳಿಗೂ ಗೊತ್ತಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ, ಮಕ್ಕಳನ್ನು ಹತ್ತಿಸಿಕೊಳ್ಳಲು ಬಸ್ಸು ಶಾಲೆಯ ಮುಂದೆ ಕಾಯುತ್ತಿದ್ದಾಗ, ಐಸಮ್ಮನ ಫೋನು ಬಂತು. ಅವರು ನಗುತ್ತಿದ್ದ ರಭಸಕ್ಕೆ ಮೊದಲ ಎರಡು ವಾಕ್ಯ ತಿಳಿಯಲೇ ಇಲ್ಲ.

"ಸಿಕ್ಕಿದ ಮಾರಾಯ್ತಿ, ಸಿಕ್ಕಿದ! ನನ್ನ ನಾದಿನಿಗೆ ನೆನಪಿತ್ತು. ಅವ ನಮ್ಮ ಊರಿನವನೇ ಅಲ್ಲ. ದನ ಕೊಳ್ಲಿಕ್ಕೆ ಬಂದ ದಳ್ಳಾಳಿ, ಅಂತೋಣಿ ಅಂತ. ಹೋಟೆಲಿನೊಳಗೆ ಜನ ಕೂತು ತಿನ್ನುವುದು ಕಂಡು ಯಾರದ್ದೋ ಔತಣ ಅಂತ ಒಳಗೆ ಬಂದು ಕೂತದ್ದಂತೆ! ನಾಲ್ಕು ಬನ್ಸ್ ತಿಂದು, ಮದುಮಗ ಯಾರು ಅಂತ ಕೇಳಿದನಂತೆ. ಅವನ ಹೆಸರು ಬೇಡ ಅಲ್ವಾ?"

ಚಂದ್ರಮತಿ ಬಸ್ಸಿನ ಮೆಟ್ಟಿಲಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡ್ರೈವರು ಗಾಬರಿಯಾಗಿ ತಿರುಗಿ ನೋಡಿದ.

"ಬರೀರಿ ಐಸಮ್ಮ," ಎಂದಳು ಉಸಿರು ಸಿಕ್ಕಿದ ಮೇಲೆ. "ಔತಣ ಅಂತ ಅವನೊಬ್ಬನಿಗಾದರೂ ಅನಿಸಿತಲ್ಲ."